“ಅವರವರ ಸತ್ಯ ಅವರವರಿಗೆ” ಅಂದುಬಿಟ್ಟರೆ ಮುಂದೆ ಮಾತೇ ಇಲ್ಲವೇ?

ತರ್ಕದ ತರಗತಿ:

ಪದವಿ ವಿದ್ಯಾರ್ಥಿಗಳಿಗೆ ತರ್ಕಶಾಸ್ತ್ರ ಪಾಠ ಮಾಡುವವಳು ನಾನು. ಮರಣದಂಡನೆ ಇರಲಿ, ಪ್ರಾಣಿಗಳ ಮೇಲಿನ ಪ್ರಯೋಗ ಇರಲಿ, ಯಾವ ವಿಷಯ ಚರ್ಚೆಗಿಟ್ಟರೂ ಸ್ವಲ್ಪ ಹೊತ್ತಿಗೆ ಒಂದು ಮಾತು ಬಂದು ಕದ ಹಾಕಿಬಿಡುತ್ತದೆ: “ಅವರವರ ಸತ್ಯ ಅವರವರಿಗೆ, ಮೇಡಂ.” ಎಲ್ಲರೂ ತಲೆಯಾಡಿಸುತ್ತಾರೆ. ಚರ್ಚೆ ಅಲ್ಲಿಗೆ ಮುಗಿಯಿತು. ಇನ್ನೂ ಅರ್ಧ ಪೀರಿಯಡ್ ಉಳಿದಿರುತ್ತದೆ.

ಪುಸ್ತಕದ ಉತ್ತರ ನನಗೆ ಗೊತ್ತಿಲ್ಲದ್ದೇನಲ್ಲ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಚಿಂತಕ ಪ್ರೊಟಗೊರಸ್, ಎಲ್ಲಕ್ಕೂ ಮನುಷ್ಯನೇ ಅಳತೆಗೋಲು ಎಂದ. ಪ್ಲೇಟೊ ಅದೇ ಕೋಲಿನಿಂದ ಅವನನ್ನೇ ಅಳೆದ. ಪ್ರತಿಯೊಬ್ಬನಿಗೆ ತೋರಿದ್ದು ಅವನಿಗೆ ಸತ್ಯ ಎನ್ನುವುದಾದರೆ, ಪ್ರೊಟಗೊರಸ್ ಹೇಳಿದ್ದು ಸುಳ್ಳು ಎಂದು ತೋರಿದವರ ಮಾತನ್ನೂ ಅವನು ಒಪ್ಪಲೇಬೇಕಲ್ಲ? ಇದನ್ನು ಬೋರ್ಡಿನ ಮೇಲೆ ಹಂತಹಂತವಾಗಿ ಬರೆದು ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಮಾತಿನಲ್ಲಿ ನೀವು ಗೆದ್ರಿ ಮೇಡಂ, ಆದರೆ ನಾವು ಹೇಳ್ತಿರೋದು ಅದಲ್ಲ” ಎಂದಳು.

ಅವಳ ಮಾತಿನಲ್ಲಿ ಹುರುಳಿದೆ. ಈ ಮಕ್ಕಳು ಸತ್ಯದ ಬಗ್ಗೆ ಸಿದ್ಧಾಂತ ಕಟ್ಟುತ್ತಿಲ್ಲ. ಜಗಳ ಬೇಡ, ಇನ್ನೊಬ್ಬರನ್ನು ಕೀಳಾಗಿ ಕಾಣುವುದು ಬೇಡ, ತಾವೇ ಸರಿ ಎಂದು ಮೆರೆದವರಿಂದ ಲೋಕಕ್ಕೆ ಆದದ್ದು ಸಾಕು ಎಂಬುದು ಅವರ ಒಳಗಿನ ಮಾತು. ಅದು ಒಳ್ಳೆಯ ಮಾತೇ. ಅದನ್ನು ಉಳಿಸಿಕೊಂಡೇ ಚರ್ಚೆಯನ್ನು ಮುಂದೆ ಒಯ್ಯುವುದು ಹೇಗೆ? ಸತ್ಯದ ವಿಷಯದಲ್ಲಿ ಸಾಪೇಕ್ಷತಾವಾದ, ಅಂದರೆ ಸರಿತಪ್ಪುಗಳು ನೋಡುವವರನ್ನು ಅವಲಂಬಿಸಿವೆ ಎಂಬ ವಾದ, ನಿಲ್ಲುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ನೀತಿಯ ವಿಷಯದಲ್ಲಾದರೂ ಅದು ನಿಲ್ಲುತ್ತದೆಯೇ? ನೀವು ಮಾಡುವ ಕೆಲಸದಲ್ಲಿ ಈ ಪ್ರಶ್ನೆ ಎದುರಾಗಿದ್ದರೆ ಬರೆಯಿರಿ. ಓದಬೇಕಾದ ಪುಸ್ತಕಗಳ ಪಟ್ಟಿ ದಯವಿಟ್ಟು ಬೇಡ, ನನ್ನ ಹತ್ತಿರವೇ ಉದ್ದನೆಯದಿದೆ.

ಸುಮ್ನೆ ಓದೋನು:

ಜೈನರ ಅನೇಕಾಂತವಾದ ಇದನ್ನೇ ಅಲ್ವಾ ಹೇಳೋದು? ಕುರುಡರು ಆನೆ ಮುಟ್ಟಿದ ಕಥೆ ಇದೆಯಲ್ಲ. ಕಾಲು ಮುಟ್ಟಿದವನಿಗೆ ಕಂಬ, ಕಿವಿ ಮುಟ್ಟಿದವನಿಗೆ ಮೊರ. ಎಲ್ಲರೂ ಅವರವರ ಮಟ್ಟಿಗೆ ಸರಿ. ಸಾವಿರಾರು ವರ್ಷದ ಹಿಂದೆಯೇ ಬಗೆಹರಿದ ವಿಷಯಕ್ಕೆ ಈಗ ಯಾಕೆ ತಲೆನೋವು?

ಓಲೆಗರಿ:

ಬಗೆಹರಿದಿಲ್ಲ ಸ್ವಾಮಿ. ಆ ಕಥೆಯಲ್ಲಿ ಕುರುಡರೆಲ್ಲರೂ ತಪ್ಪು. ಆನೆ ಕಂಬವೂ ಅಲ್ಲ, ಮೊರವೂ ಅಲ್ಲ. ಆನೆ ಅಂತ ಒಂದಿದೆ, ಅದನ್ನು ಇಡಿಯಾಗಿ ಕಂಡವನು ನಮಗೆ ಕಥೆ ಹೇಳುತ್ತಿದ್ದಾನೆ. ಆನೆಯನ್ನೇ ತೆಗೆದುಬಿಟ್ಟರೆ ಉಳಿಯುವುದು ಸುಮ್ಮನೆ ಗಾಳಿ ತಡವುವ ಕೆಲವರು.

ಅನೇಕಾಂತವಾದವನ್ನು ಮಾತಿನಲ್ಲಿ ಹೇಳುವ ಜೈನರ ಕ್ರಮವೇ ಸ್ಯಾದ್ವಾದ. ಅದರ ಸಪ್ತಭಂಗಿಯನ್ನು, ಅಂದರೆ ಒಂದು ವಸ್ತುವಿನ ಬಗ್ಗೆ ಹೇಳಬಹುದಾದ ಏಳು ಬಗೆಯ ಮಾತುಗಳನ್ನು, “ಹೀಗೂ ಇರಬಹುದು, ಹಾಗೂ ಇರಬಹುದು” ಎಂದು ಓದುವುದು ಹಳೆಯ ಅಪಾರ್ಥ. ಮಡಕೆಯೊಂದು ತನ್ನ ದ್ರವ್ಯ (ಯಾವುದರಿಂದ ಆದದ್ದು), ಕ್ಷೇತ್ರ (ಇರುವ ಜಾಗ), ಕಾಲ, ಭಾವಗಳ (ಸ್ಥಿತಿ) ದೃಷ್ಟಿಯಿಂದ ಇದೆ. ಬಟ್ಟೆಯ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ದೃಷ್ಟಿಯಿಂದ ಇಲ್ಲ. ಯಾವ ದೃಷ್ಟಿಯಿಂದ ಎಂದು ಹೇಳಿಯಾದ ಮೇಲೆ ಅಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ಅದು ಖಚಿತವಾಗಿ ಹಾಗೇ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ (2.2.33) ಇದೇ ಆಕ್ಷೇಪ ಎತ್ತಿದ್ದರು: ಎಲ್ಲವೂ ಅನಿಶ್ಚಿತವಾದರೆ ನಿಮ್ಮ ಉಪದೇಶವೂ ಅನಿಶ್ಚಿತವೇ ಆಯಿತಲ್ಲ ಎಂದು. ಮೇಡಂ ಬೋರ್ಡಿನ ಮೇಲೆ ಬರೆದದ್ದಕ್ಕೆ ಇದು ಹತ್ತಿರದ ನೆಂಟ. ಜೈನ ತಾರ್ಕಿಕರ ಉತ್ತರ: ನಾವು ಹೇಳಿದ್ದು ಕೋನಗಳ ಮಾತು, ಸಂಶಯದ ಮಾತಲ್ಲ. ಮೇಲಾಗಿ, ಎಲ್ಲ ಕೋನಗಳನ್ನೂ ಒಟ್ಟಿಗೆ ಕಾಣುವ ಕೇವಲಜ್ಞಾನ ಉಂಟು ಎಂದು ನಂಬುವವರನ್ನು ಸಾಪೇಕ್ಷತಾವಾದಿಗಳೆಂದು ಕರೆದರೆ ಅವರೇ ಮೊದಲು ಎದ್ದು ಪ್ರತಿಭಟಿಸುತ್ತಾರೆ.

ಸೀರಂ:

ಮೇಡಂ, ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ತತ್ತ್ವಶಾಸ್ತ್ರ ಓದಿದ್ದೆಲ್ಲ ರಾತ್ರಿ ಪಾಳಿಯಲ್ಲಿ, ಸೆಂಟ್ರಿಫ್ಯೂಜ್ ತಿರುಗುವಾಗ. ಹಾಗಾಗಿ ಪರಿಭಾಷೆ ತಪ್ಪಿದರೆ ಓಲೆಗರಿಯವರು ತಿದ್ದಲಿ.

ರಿಪೋರ್ಟಿನಲ್ಲಿ ನಿಮ್ಮ ಸಂಖ್ಯೆಯ ಪಕ್ಕ “ನಾರ್ಮಲ್ ರೇಂಜ್” ಅಂತ ಒಂದು ಕಾಲಂ ಇರತ್ತಲ್ಲ, ಸಾಪೇಕ್ಷತಾವಾದಿಗಳಿಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ. ಅದನ್ನ ಯಾರೂ ಆಕಾಶದಿಂದ ಇಳಿಸಿದ್ದಲ್ಲ. ಸಾಮಾನ್ಯವಾಗಿ, ಆರೋಗ್ಯವಾಗಿರೋ ಒಂದಿಷ್ಟು ಜನರ ರಕ್ತ ಪರೀಕ್ಷಿಸಿ, ಎರಡೂ ತುದಿ ಬಿಟ್ಟು ನಡುವಿನ 95% ಇಟ್ಟುಕೊಳ್ಳೋದು. ಅಂದ್ರೆ ಲೆಕ್ಕದ ಪ್ರಕಾರವೇ ನೂರು ಜನ ಆರೋಗ್ಯವಂತರಲ್ಲಿ ಐದು ಜನ “ನಾರ್ಮಲ್ ಅಲ್ಲ”. ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದವರಿಗೂ ಒಂದಾದರೂ ಗೆರೆ ದಾಟಿ ಬರೋ ಸಾಧ್ಯತೆ ಸುಮಾರು 64%. (ಇಡೀ ದೇಹದ ಚೆಕಪ್ ಮಾಡಿಸಿ ನಿದ್ದೆಗೆಡೋರಿಗೆ ಇದನ್ನ ಯಾರೂ ಹೇಳಲ್ಲ.) ಹಿಮೋಗ್ಲೋಬಿನ್ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ವಯಸ್ಕ ಗಂಡಸರಿಗೆ 13, ಗರ್ಭಿಣಿಯಲ್ಲದ ಹೆಂಗಸರಿಗೆ 12, ಗರ್ಭಿಣಿಯರಿಗೆ ಅದಕ್ಕೂ ಕಡಿಮೆ. 12.5 ಅನ್ನೋ ಒಂದೇ ಸಂಖ್ಯೆ ಅಣ್ಣನಿಗೆ ರಕ್ತಹೀನತೆ, ತಂಗಿಗೆ ಆರೋಗ್ಯ. ಎತ್ತರದ ಬೆಟ್ಟದ ಮೇಲೆ ವಾಸ ಮಾಡೋರಿಗೆ ಗೆರೆ ಇನ್ನೂ ಮೇಲೆ ಹೋಗತ್ತೆ.

ಇದನ್ನ ನೋಡಿ “ಬೆಟ್ಟದವರ ಸತ್ಯ ಬೇರೆ, ಬಯಲಿನವರ ಸತ್ಯ ಬೇರೆ” ಅಂದ್ರೆ ಕೇಳೋಕೆ ಚೆನ್ನಾಗಿದೆ. ಆದರೆ ಗೆರೆ ಮೇಲೆ ಹೋಗಿದ್ದು ಬೆಟ್ಟದವರ ಅಭಿಪ್ರಾಯ ಕೇಳಿ ಅಲ್ಲ. ಮೇಲೆ ಹೋದಷ್ಟೂ ಗಾಳಿ ತೆಳು, ಉಸಿರಿಗೆ ಸಿಗೋ ಆಮ್ಲಜನಕ ಕಡಿಮೆ, ಅದನ್ನ ಸರಿದೂಗಿಸೋಕೆ ದೇಹ ಹೆಚ್ಚು ಹಿಮೋಗ್ಲೋಬಿನ್ ಮಾಡಿಕೊಳ್ಳತ್ತೆ. ಈ ಕಾರಣ ಬೆಟ್ಟದಲ್ಲೂ ಅದೇ, ಬಯಲಲ್ಲೂ ಅದೇ. ಗೆರೆ ಜರುಗಿದ್ದು ಜರುಗದ ಒಂದು ಸಂಗತಿಯ ದೆಸೆಯಿಂದ. “ಯಾರಿಗೆ, ಎಲ್ಲಿ, ಯಾವ ಸ್ಥಿತಿಯಲ್ಲಿ” ಅಂತ ಕೇಳೋದು ಒಳ್ಳೆ ಅಭ್ಯಾಸ. ಅದನ್ನ ಕೇಳಿದ ಮಾತ್ರಕ್ಕೆ “ಯಾರು ಏನಂದ್ರೂ ಸರಿ” ಅಂತ ಆಗಲ್ಲ. ನಿಮ್ಮ ಮಕ್ಕಳು ಅರ್ಧ ಸಲ ಮೊದಲನೇದನ್ನ ಹೇಳೋಕೆ ಹೋಗಿ ಎರಡನೇದನ್ನ ಹೇಳ್ತಿರಬಹುದು.

ಇನ್ನೊಂದು ನೋಡಿ. ಪೊಟ್ಯಾಸಿಯಂ 7.1 ಬಂತು ಅನ್ನಿ. ಮೇಲಿನ ಗೆರೆ ಸುಮಾರು 5. ಏಳು ದಾಟಿತು ಅಂದ್ರೆ ಹೃದಯದ ಲಯ ತಪ್ಪಬಹುದು, ವಾರ್ಡಿಗೆ ಓಡಿಹೋಗಿ ಹೇಳಬೇಕಾದ ಸಂಖ್ಯೆ. ಫೋನ್ ಎತ್ತೋ ಮುಂಚೆ ಟ್ಯೂಬ್ ತೆಗೆದು ಬೆಳಕಿಗೆ ಹಿಡೀತೀವಿ. ಮೇಲೆ ನಿಂತ ಸೀರಂ, ಅಂದ್ರೆ ರಕ್ತದ ಕಣಗಳಿಂದ ಬೇರೆಯಾದ ತಿಳಿ, ಒಣಹುಲ್ಲಿನ ಬಣ್ಣಕ್ಕಿರಬೇಕು. ಅದು ದಾಸವಾಳದ ಎಸಳು ನೆನೆಸಿಟ್ಟ ನೀರಿನ ಹಾಗೆ ಕೆಂಪಗಿದೆ. ಹೆಮೊಲೈಸ್ ಆಗಿದೆ, ಅಂದ್ರೆ ರಕ್ತ ಎಳೆಯುವಾಗಲೋ ಟ್ಯೂಬ್ ಕುಲುಕಿದಾಗಲೋ ಕೆಂಪು ಕಣಗಳು ಒಡೆದಿವೆ. ಕಣದ ಒಳಗೆ ಹೊರಗಿಗಿಂತ 20 ಪಟ್ಟಿಗೂ ಹೆಚ್ಚು ಪೊಟ್ಯಾಸಿಯಂ ಇರತ್ತೆ, ಅದೆಲ್ಲ ಹೊರಗೆ ಸೋರಿದೆ. ಇಲ್ಲಿ ಮೆಷಿನ್ ಸುಳ್ಳು ಹೇಳಿಲ್ಲ. ಆ ಟ್ಯೂಬಿನಲ್ಲಿ ಪೊಟ್ಯಾಸಿಯಂ ನಿಜಕ್ಕೂ 7.1 ಇದೆ. ರೋಗಿಯ ಮೈಯಲ್ಲಿ ಅಷ್ಟಿದೆ ಅಂತ ಇದನ್ನ ನಂಬಿ ಹೇಳೋಕಾಗಲ್ಲ, ಅಷ್ಟೆ. “ಟ್ಯೂಬಿನ ಸತ್ಯ ಟ್ಯೂಬಿಗೆ, ರೋಗಿಯ ಸತ್ಯ ರೋಗಿಗೆ” ಅಂತ ಬರೆದು ಸಹಿ ಹಾಕಿದ್ರೆ ಒಂದು ಜೀವ ಹೋಗಬಹುದು. ಮತ್ತೆ ರಕ್ತ ತೆಗೀರಿ ಅಂತೀವಿ.

ವಿನಯ ಅಂದ್ರೆ ನನಗೆ ಗೊತ್ತಿರೋದು ಇದೇ, ಎರಡನೇ ಸಲ ರಕ್ತ ತೆಗೆಯೋದು. “ನಾನೇ ಸರಿ ಅನ್ನೋ ಅಹಂಕಾರ ಬೇಡ” ಅಂತಾರಲ್ಲ ನಿಮ್ಮ ಮಕ್ಕಳು, ಆ ಮಾತಿಗೂ ಸಾಪೇಕ್ಷತಾವಾದಕ್ಕೂ ಎಣ್ಣೆ ಸೀಗೆಕಾಯಿ. ನನಗೆ ತೋರಿದ್ದೇ ನನ್ನ ಸತ್ಯ ಅಂದಮೇಲೆ ನಾನು ತಪ್ಪೋದಾದ್ರೂ ಹೇಗೆ? ತಪ್ಪೋಕೆ ಸಾಧ್ಯವೇ ಇಲ್ಲದವನಿಗಿಂತ ದೊಡ್ಡ ಅಹಂಕಾರಿ ಯಾರಿದ್ದಾನೆ?

ನೀತಿಯ ವಿಷಯ ಕಷ್ಟದ್ದು. ನಮ್ಮ ವೈದ್ಯಕೀಯದವರೇ ಮಾಡಿದ ಒಂದು ಕೆಲಸದಿಂದ ಶುರು ಮಾಡ್ತೀನಿ. 1851ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ವೈದ್ಯ ಒಂದು ಹೊಸ ಕಾಯಿಲೆ ಪ್ರಕಟಿಸಿದ. ಹೆಸರು ಡ್ರಾಪೆಟೊಮೇನಿಯಾ. ಲಕ್ಷಣ: ಗುಲಾಮ ಓಡಿಹೋಗ್ತಾನೆ. ಅಷ್ಟೆ. ಅದಕ್ಕೆ ಚಿಕಿತ್ಸೆಯ ಸಾಲಿನಲ್ಲಿ ಚಾಟಿಯೇಟನ್ನೂ ಬರೆದ.

“ಆ ಕಾಲದ ಆ ಸಮಾಜಕ್ಕೆ ಗುಲಾಮಗಿರಿ ಸರಿಯಾಗಿತ್ತು, ನಾವು ಯಾರು ಕೇಳೋಕೆ” ಅನ್ನೋರಿಗೆ ನನ್ನದು ಎರಡು ಪ್ರಶ್ನೆ. ಅದು ಅವರ ಪಾಲಿಗೆ ಸರಿ, ಅಷ್ಟೇ ಸಾಕು ಅನ್ನೋ ಹಾಗಿದ್ದರೆ ಈ ಮನುಷ್ಯ ಕಾಯಿಲೆ ಯಾಕೆ ಕಟ್ಟಬೇಕಿತ್ತು? ನಮ್ಮಲ್ಲಿ ಹೀಗೆ ನಡೆಯತ್ತೆ ಅಂದು ಸುಮ್ಮನಾಗಬಹುದಿತ್ತು. ಸುಮ್ಮನಿರೋಕೆ ಆಗಲಿಲ್ಲ. ಓಡುವವನಿಗೆ ಓಡೋಕೆ ಕಾರಣವೇ ಇಲ್ಲ, ಅವನ ತಲೆ ಕೆಟ್ಟಿದೆ ಅಂತ ಲೋಕಕ್ಕೆಲ್ಲ ಒಪ್ಪಿಸಬೇಕಾಯ್ತು. ಅನ್ಯಾಯ ಮಾಡೋನು ಇಷ್ಟೊಂದು ಶ್ರಮಪಟ್ಟು ಸುಳ್ಳು ಸಂಗತಿಗಳನ್ನ ಹುಟ್ಟಿಸ್ತಾನೆ ಅಂದ್ರೆ, ಬರೀ “ನಮ್ಮ ಸತ್ಯ” ಸಾಕಾಗಲ್ಲ ಅಂತ ಅವನಿಗೂ ಗೊತ್ತು.

ಎರಡನೇದು: “ಆ ಸಮಾಜ” ಅಂದ್ರೆ ಯಾರು? 1850ರ ಜನಗಣತಿಯ ಹೊತ್ತಿಗೆ ದಕ್ಷಿಣ ಕೆರೊಲಿನಾದಲ್ಲೂ ಮಿಸ್ಸಿಸ್ಸಿಪ್ಪಿಯಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಗುಲಾಮರೇ. ಅವರೂ ಆ ಸಮಾಜವೇ ಅಲ್ವಾ? ಅವರನ್ನ ಯಾರೂ ಕೇಳಲಿಲ್ಲ. ಕೇಳದಿದ್ದರೂ ಕೆಲವರು ಕಾಲಿನಲ್ಲೇ ಉತ್ತರ ಕೊಟ್ಟರು. ಫ್ರೆಡರಿಕ್ ಡಗ್ಲಸ್ 1838ರಲ್ಲಿ ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡು ಹೋದವನು ಆಮೇಲೆ ಊರೂರು ತಿರುಗಿ ಬಾಯಿಬಿಟ್ಟೇ ಹೇಳಿದ. “ಅವರ ಸಂಸ್ಕೃತಿಯಲ್ಲಿ ಅದು ಸರಿ” ಅನ್ನೋ ಉದಾರ ಮಾತು ಅಲ್ಲಿ ಚಾಟಿ ಹಿಡಿದವನ ಮಾತನ್ನ ಮಾತ್ರ ಸಂಸ್ಕೃತಿ ಅಂತ ಲೆಕ್ಕಕ್ಕೆ ತಗೊಂಡಿರತ್ತೆ. ಯಾರನ್ನೂ ಕೀಳಾಗಿ ಕಾಣಬಾರದು ಅಂತ ಹೊರಟವರು, ಈಗಾಗಲೇ ಕೆಳಗಿರೋನ ಬಾಯಿಯನ್ನ ಇನ್ನೊಂದು ಸಲ ಮುಚ್ಚಿ ಬರ್ತಾರೆ. ಸಾಪೇಕ್ಷತಾವಾದದ ಮೇಲೆ ನನ್ನ ತಕರಾರು ತರ್ಕದ್ದಲ್ಲ ಮೇಡಂ, ಇದು.

ಅಡ್ಡದಾರಿ:

ಸೀರಂ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಟ್ಯೂಬಿನಿಂದ ನೀತಿಗೆ ಹಾರುವಾಗ ನಡುವೆ ಒಂದು ಹಳ್ಳ ಇತ್ತು, ಅದನ್ನು ಯಾರಿಗೂ ತೋರಿಸದೆ ದಾಟಿದಿರಿ. ಪೊಟ್ಯಾಸಿಯಂ ಅನುಮಾನ ಬಂದರೆ ಮತ್ತೆ ರಕ್ತ ತೆಗೆಯಬಹುದು. “ತಪ್ಪು” ಅನ್ನುವುದಕ್ಕೆ ಎಲ್ಲಿಂದ ರಕ್ತ ತೆಗೆಯುತ್ತೀರಿ? ಕಾರ್ಟ್‌ರೈಟ್ ಹೇಳಿದ ಕಾಯಿಲೆ ಸುಳ್ಳು, ಒಪ್ಪಿದೆ. ಅದು ವೈದ್ಯಶಾಸ್ತ್ರದ ಸುಳ್ಳು. ಆ ಸುಳ್ಳು ತೆಗೆದಿಟ್ಟ ಮೇಲೂ “ಒಬ್ಬನನ್ನು ಇನ್ನೊಬ್ಬ ಕೊಳ್ಳಬಾರದು” ಎಂಬ ವಾಕ್ಯ ಯಾವ ಮೆಷಿನ್ನಿನಲ್ಲೂ ಮೂಡುವುದಿಲ್ಲ.

ನಾನು ಒಪ್ಪುವ ಸಾಪೇಕ್ಷತಾವಾದ ನೀವೆಲ್ಲ ಹೊಡೆದುರುಳಿಸಿದ ಬೆದರುಬೊಂಬೆಯಲ್ಲ. ಅಮೆರಿಕದ ತತ್ತ್ವಶಾಸ್ತ್ರಜ್ಞ ಗಿಲ್ಬರ್ಟ್ ಹಾರ್ಮನ್ ಕೊಟ್ಟ ಹೋಲಿಕೆ ಚಲನೆಯದು. ಒಂದು ವಸ್ತು ಚಲಿಸುತ್ತಿದೆಯೇ ಎಂದು ಕೇಳಿದರೆ ಉತ್ತರವಿಲ್ಲ. ಯಾವ ಚೌಕಟ್ಟಿಗೆ ಹೋಲಿಸಿ ಎಂದರೆ ಮಾತ್ರ ಉತ್ತರವಿದೆ. ಹಾಗೆಂದು ಚಲನೆ ಯಾರದೋ ಅಭಿಪ್ರಾಯ ಎಂದು ಯಾರೂ ಹೇಳುವುದಿಲ್ಲ. ನೀತಿಯೂ ಹೀಗೇ: ಒಂದು ನೈತಿಕ ಚೌಕಟ್ಟಿಗೆ ಹೋಲಿಸಿ ಸರಿ ಅಥವಾ ತಪ್ಪು, ಮತ್ತು ಯಾವ ಚೌಕಟ್ಟಿಗೂ ವಿಶೇಷ ಪಟ್ಟವಿಲ್ಲ. ನಾನು ನನ್ನ ಚೌಕಟ್ಟಿನಲ್ಲಿ ನಿಂತು ಗುಲಾಮಗಿರಿಯನ್ನು ವಿರೋಧಿಸುತ್ತೇನೆ, ಬೇಕಾದರೆ ಹೋರಾಡುತ್ತೇನೆ. ಬ್ರಹ್ಮಾಂಡ ನನ್ನ ಪಕ್ಷದಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಇದರಲ್ಲಿ ಪ್ಲೇಟೊ ಹಿಡಿಯುವ ವಿರೋಧಾಭಾಸವೂ ಇಲ್ಲ, ಏಕೆಂದರೆ ನಾನು ಎಲ್ಲ ಸತ್ಯವನ್ನೂ ಸಾಪೇಕ್ಷ ಎನ್ನುತ್ತಿಲ್ಲ, ನೀತಿಯನ್ನು ಮಾತ್ರ.

ನಿಮ್ಮ ಕ್ಷೇತ್ರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1961ರಲ್ಲಿ ಅಮೆರಿಕದ ವೈದ್ಯರ ಸಮೀಕ್ಷೆಯೊಂದರಲ್ಲಿ ಸುಮಾರು 90% ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಮೇಲು ಎಂದರು. 1979ರಲ್ಲಿ ಅದೇ ಪ್ರಶ್ನೆ ಕೇಳಿದಾಗ 97% ಮಂದಿ ಹೇಳುತ್ತೇವೆ ಎಂದರು. ಅದೇ ದೇಶ, ಅದೇ ವೃತ್ತಿ, ಹದಿನೆಂಟು ವರ್ಷ. 1961ರವರು ದುಷ್ಟರಲ್ಲ, ರೋಗಿಯ ಧೈರ್ಯ ಕುಸಿಯಬಾರದು ಎಂಬ ಕರುಣೆ ಅವರದು. ಚೌಕಟ್ಟು ಬದಲಾಯಿತು, “ಸರಿ” ಬದಲಾಯಿತು. ಇದರಲ್ಲಿ ಯಾವುದು ಹೆಮೊಲೈಸ್ ಆದ ಸ್ಯಾಂಪಲ್, ಹೇಳಿ ನೋಡೋಣ.

ಇನ್ನೊಂದು ಮಾತು. “ವಿಶ್ವಕ್ಕೆಲ್ಲ ಒಂದೇ ನೀತಿ” ಎಂದವರು ಸಾಮಾನ್ಯವಾಗಿ ಹಡಗು, ತೋಪು ಸಮೇತ ಬಂದವರು. 1947ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ವಿಶ್ವಸಂಸ್ಥೆಗೆ ಬರೆದು, ಮಾನವ ಹಕ್ಕುಗಳ ಘೋಷಣೆ ಪಶ್ಚಿಮದ ಮೌಲ್ಯಗಳನ್ನು ಎಲ್ಲರ ತಲೆಗೆ ಕಟ್ಟುವಂತಾಗಬಾರದು ಎಂದು ಎಚ್ಚರಿಸಿತ್ತು. ಆ ಎಚ್ಚರಿಕೆ ಇವತ್ತಿಗೂ ಹಳತಾಗಿಲ್ಲ.

ಜಡತ್ವ:

ಚಲನೆಯ ಹೋಲಿಕೆಗೆ ಮಾತ್ರ ಒಂದು ಮಾತು, ಉಳಿದದ್ದು ನನ್ನ ತಲೆಗೆ ಮೀರಿದ್ದು. ಭೌತಶಾಸ್ತ್ರದಲ್ಲಿ ಚೌಕಟ್ಟುಗಳು ದ್ವೀಪಗಳಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಪರಿವರ್ತಿಸಲು ಸೂತ್ರವಿದೆ, ಮತ್ತು ಎಲ್ಲ ಚೌಕಟ್ಟುಗಳೂ ಒಪ್ಪುವ ಸಂಗತಿಗಳಿವೆ. ಐನ್‌ಸ್ಟೈನ್ 1905ರಲ್ಲಿ ಶುರು ಮಾಡಿದ್ದೇ ಅಲ್ಲಿಂದ: ಭೌತನಿಯಮಗಳು ಎಲ್ಲ ಜಡತ್ವ ಚೌಕಟ್ಟುಗಳಲ್ಲೂ (ವೇಗವಾಗಲಿ ದಿಕ್ಕಾಗಲಿ ಬದಲಾಗದವು) ಒಂದೇ, ನಿರ್ವಾತದಲ್ಲಿ ಬೆಳಕಿನ ವೇಗವೂ ಒಂದೇ. ಉದ್ದ, ಕಾಲ ಸಾಪೇಕ್ಷವಾದದ್ದು ಇವೆರಡನ್ನು ಬಿಟ್ಟುಕೊಡದ ಕಾರಣಕ್ಕೆ. ಹಾರ್ಮನ್ ಹೋಲಿಕೆಯನ್ನು ಪೂರ್ತಿ ಒಪ್ಪುವುದಾದರೆ, ನೈತಿಕ ಚೌಕಟ್ಟುಗಳ ನಡುವೆ ಬದಲಾಗದೆ ಉಳಿಯುವುದು ಯಾವುದು ಎಂದೂ ಕೇಳಬೇಕಾಗುತ್ತದೆ. ಅಡ್ಡದಾರಿಯವರು ಅರ್ಧ ಹೋಲಿಕೆ ತಂದಿದ್ದಾರೆ.

ತರ್ಕದ ತರಗತಿ:

ಹಡಗು, ತೋಪಿನ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. 1948ರ ಡಿಸೆಂಬರ್ 10ರಂದು ಆ ಘೋಷಣೆ 48 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಒಂದೂ ಇಲ್ಲ, 8 ದೇಶಗಳು ತಟಸ್ಥ. ಅದರ ಮೊದಲನೇ ವಿಧಿ ಕರಡಿನಲ್ಲಿ “ಎಲ್ಲ ಪುರುಷರೂ” ಎಂದು ಓದಿಸಿಕೊಳ್ಳುವಂತಿತ್ತು. ಅದನ್ನು “ಎಲ್ಲ ಮಾನವರೂ” ಎಂದು ತಿದ್ದಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಪಶ್ಚಿಮದವರ ಕೈಯಲ್ಲಿ ಆ “ವಿಶ್ವ” ಇನ್ನೂ ಚಿಕ್ಕದಿತ್ತು. ಅದನ್ನು ಹಿಗ್ಗಿಸಿದ್ದು ಆಗಷ್ಟೇ ವಸಾಹತು ಆಳ್ವಿಕೆಯಿಂದ ಹೊರಬಂದ ದೇಶದ ಹೆಣ್ಣುಮಗಳು. ಇನ್ನು ಆ ಮಾನವಶಾಸ್ತ್ರಜ್ಞರ ಸಂಘ, 1999ರಲ್ಲಿ ತಾನೇ ಮಾನವ ಹಕ್ಕುಗಳ ಪರವಾಗಿ ಬೇರೊಂದು ಘೋಷಣೆ ಹೊರಡಿಸಿತು. ಆದರೂ ಅಡ್ಡದಾರಿಯವರ ಮೊದಲ ಪ್ರಶ್ನೆ, “ಎಲ್ಲಿಂದ ರಕ್ತ ತೆಗೆಯುತ್ತೀರಿ”, ಹಾಗೇ ನಿಂತಿದೆ. ಸೀರಂ ಅವರು ಅದರಿಂದ ನುಣುಚಿಕೊಳ್ಳಬಾರದು.

ಸೀರಂ:

ನುಣುಚಿಕೊಳ್ಳಲ್ಲ ಮೇಡಂ. ಪಾಳಿ ಮುಗಿಸಿ ಕೂತಿದ್ದೀನಿ.

ಅಡ್ಡದಾರಿಯವರೇ, ನೀತಿಗೆ ಮೆಷಿನ್ ಇಲ್ಲ. ಒಪ್ಪಿದೆ. ಮೆಷಿನ್ ಇಲ್ಲದ ಕಡೆಯೆಲ್ಲ ಸತ್ಯವೂ ಇಲ್ಲ ಅನ್ನೋದನ್ನ ಒಪ್ಪಲ್ಲ. ಹಾಗಂದ್ರೆ ಗಣಿತವನ್ನೂ ಬಿಡಬೇಕಾಗತ್ತೆ.

1961ರ ಸಮೀಕ್ಷೆ ನನಗೂ ಗೊತ್ತು, ನೀವು ಕೊಟ್ಟ ಉದಾಹರಣೆ ಗಟ್ಟಿಯಾದದ್ದೇ. ಆದರೆ ಕೇಳಿದ್ದು ಯಾರನ್ನ ಅಂತ ನೋಡಿ. ವೈದ್ಯರನ್ನ. 1950ರಲ್ಲೇ ಕ್ಯಾನ್ಸರ್ ರೋಗಿಗಳನ್ನೇ ಕೇಳಿದ ಒಂದು ಸಮೀಕ್ಷೆ ಪ್ರಕಟವಾಗಿತ್ತು. ಅದರಲ್ಲಿ ಬಹುಪಾಲು ರೋಗಿಗಳು “ನಮಗೆ ಹೇಳಬೇಕು” ಅಂದಿದ್ದರು. ಅಂದ್ರೆ 1961ರಲ್ಲಿ “ಚೌಕಟ್ಟು” ಅಂತ ನೀವು ಕರೀತಿರೋದು ಹಾಸಿಗೆಯ ಪಕ್ಕ ನಿಂತವರ ಚೌಕಟ್ಟು. ಹಾಸಿಗೆ ಮೇಲೆ ಮಲಗಿದವರದು ಆಗಲೇ ಬೇರೆ ಇತ್ತು. ವೈದ್ಯರ ಕರುಣೆ ನಿಂತದ್ದು “ರೋಗಿಗೆ ತಿಳಿಯೋದು ಬೇಡವಾಗಿರತ್ತೆ, ತಿಳಿದರೆ ಕುಸಿದುಹೋಗ್ತಾನೆ” ಅನ್ನೋ ಊಹೆಯ ಮೇಲೆ. ಆ ಊಹೆಯನ್ನ ಪರೀಕ್ಷಿಸಬಹುದಿತ್ತು. ಹಾಗಾಗಿ ಯಾವ ಸ್ಯಾಂಪಲ್ ಹೆಮೊಲೈಸ್ ಆಗಿದ್ದು ಅಂದ್ರೆ, 1961ರದ್ದು. ಚಿಕಿತ್ಸೆ ಸುಧಾರಿಸಿದ್ದು, ಒಪ್ಪಿಗೆ ಇಲ್ಲದೆ ಏನೂ ಮಾಡಬಾರದು ಅನ್ನೋ ನಿಯಮ ಬಿಗಿಯಾಗಿದ್ದು, ಅದೂ ಕಾರಣವೇ, ಅಲ್ಲ ಅನ್ನಲ್ಲ.

ಎಲ್ಲಿಂದ ರಕ್ತ ತೆಗೀತೀರಿ ಅಂದ್ರಲ್ಲ. ಮೊದಲು ಇಲ್ಲಿಂದ, ಯಾರ ಮೇಲೆ ನಡೀತಿದೆಯೋ ಅವರಿಂದ. ಅವರನ್ನ ಕೇಳಿದಿರಾ, ಹೆದರಿಸದೆ ಕೇಳಿದಿರಾ, ಅವರ ಜಾಗದಲ್ಲಿ ನೀವಿದ್ದರೆ ಇದೇ ಕಾರಣ ನಿಮಗೆ ಸಾಕಾಗ್ತಿತ್ತಾ, ಇದನ್ನ ನಡೆಸೋಕೆ ಎಷ್ಟು ಸುಳ್ಳು ಬೇಕಾಯ್ತು. ಇದು ಬೆಳಕಿಗೆ ಹಿಡಿದು ನೋಡೋ ಕೆಲಸವೇ. ಇದರಿಂದ ನೀತಿಯ ಎಲ್ಲ ಪ್ರಶ್ನೆಗೂ ಒಂದೇ ಸಂಖ್ಯೆ ಬರತ್ತೆ ಅಂತ ನಾನು ಹೇಳ್ತಿಲ್ಲ. ಕೆಲವು ಪ್ರಶ್ನೆಗೆ ಎರಡು ಮೂರು ಒಳ್ಳೆ ಉತ್ತರ ಇರಬಹುದು. ಆದರೆ ಎರಡು ಮೂರು ಸರಿ ಇರೋದಕ್ಕೂ, ಎಲ್ಲವೂ ಸರಿ ಅನ್ನೋದಕ್ಕೂ ಬಹಳ ದೂರ. ಡ್ರಾಪೆಟೊಮೇನಿಯಾ ಆ ಎರಡು ಮೂರರಲ್ಲಿ ಬರಲ್ಲ.

ತೋಪಿನ ಮಾತು ನಿಜ. ಅದು ತಪ್ಪು ಅಂತ ತೀರ್ಪು ಕೊಡೋದು ಬೇರೆ, ಹೋಗಿ ಬಡಿದು ಸರಿಮಾಡ್ತೀನಿ ಅನ್ನೋದು ಬೇರೆ. ಎರಡನೇದಕ್ಕೆ ನಾನೂ ವಿರೋಧಿ. ಆದರೆ ಹಡಗಿನಲ್ಲಿ ಬಂದು ಲೂಟಿ ಮಾಡಿದ್ದು ತಪ್ಪು ಅಂತೀರಲ್ಲ, ಯಾವ ಚೌಕಟ್ಟಿಗೆ ಹೋಲಿಸಿ? ಬಂದವರ ಚೌಕಟ್ಟಿನಲ್ಲಿ ಅದು ಪುಣ್ಯಕಾರ್ಯವಾಗಿತ್ತು. “ನನ್ನ ಚೌಕಟ್ಟಿನಲ್ಲಿ ಮಾತ್ರ ತಪ್ಪು” ಅಂತಷ್ಟೇ ಹೇಳೋಕೆ ನಿಮಗೆ ಮನಸ್ಸು ಬರತ್ತಾ? ನಿಮ್ಮ ಬರಹದ ಕಾವು ನೋಡಿದ್ರೆ ಬರಲ್ಲ ಅನ್ನಿಸತ್ತೆ.

ಅಡ್ಡದಾರಿ:

ಕಾವು ನನ್ನ ಸ್ವಭಾವ, ವಾದವಲ್ಲ. ಮನಸ್ಸು ಬರುವುದಿಲ್ಲ ಎಂಬುದು ನನ್ನ ಬಗ್ಗೆ ಒಂದು ಸಂಗತಿ, ಬ್ರಹ್ಮಾಂಡದ ಬಗ್ಗೆ ಅಲ್ಲ. “ಯಾರ ಮೇಲೆ ನಡೆಯುತ್ತಿದೆಯೋ ಅವರನ್ನು ಕೇಳಬೇಕು” ಎಂಬ ನಿಮ್ಮ ನಿಯಮವೂ ಒಂದು ಚೌಕಟ್ಟಿನದೇ ತಾನೇ? ಒಳ್ಳೆಯ ಚೌಕಟ್ಟು, ನನ್ನದೂ ಅದೇ. ಆದರೆ ಅದನ್ನು ಒಪ್ಪದವನಿಗೆ ಏನು ಹೇಳುತ್ತೀರಿ?

ಬಿಡಿ, ಇದು ಹೀಗೇ ಸುತ್ತುತ್ತದೆ. ಬೇರೆ ಪ್ರಶ್ನೆ. ರಿಪೋರ್ಟ್ ಕಿಟಕಿಗೆ ಮಗ ಬಂದು, “ಅಪ್ಪನ ಬಯಾಪ್ಸಿ ರಿಪೋರ್ಟ್ ನನಗೆ ಕೊಡಿ, ಅವರಿಗೆ ಹೇಳಬೇಡಿ” ಅನ್ನುತ್ತಾನೆ. ಅಪ್ಪ ಪಕ್ಕದ ಬೆಂಚಿನಲ್ಲೇ ಕೂತಿದ್ದಾರೆ. ಏನು ಮಾಡುತ್ತೀರಿ?

ಸೀರಂ:

ಇದು ಕಲ್ಪನೆ ಅಲ್ಲ, ಆಗಾಗ ಆಗೋದೇ.

ರಿಪೋರ್ಟ್ ಓದಿ ಅರ್ಥ ಹೇಳೋದು ನನ್ನ ಕೆಲಸ ಅಲ್ಲ, ಅದು ಡಾಕ್ಟರದ್ದು. ಕೈಗೆ ಯಾರಿಗೆ ಕೊಡಬೇಕು ಅನ್ನೋದು ನನ್ನದು. ಅಪ್ಪನ ಹತ್ತಿರ ಹೋಗಿ ಕೇಳ್ತೀನಿ: “ಯಜಮಾನರೇ, ನಿಮ್ಮ ರಿಪೋರ್ಟ್ ಬಂದಿದೆ. ನಿಮ್ಮ ಕೈಗೆ ಕೊಡಲಾ, ಮಗನ ಕೈಗೆ ಕೊಡಲಾ?” ಲಕೋಟೆ ಮುಚ್ಚಿಯೇ ಇರತ್ತೆ. ಕೆಲವರು ಕೈ ಚಾಚ್ತಾರೆ. ಕೆಲವರು “ಅವನಿಗೇ ಕೊಡಪ್ಪ, ನನಗೆ ಅದೆಲ್ಲ ಬೇಡ” ಅಂತಾರೆ, ಆಗ ಮಗನಿಗೆ ಕೊಡ್ತೀನಿ. ತಿಳಿಯೋದು ಬೇಡ ಅನ್ನೋದೂ ಅವರ ಹಕ್ಕೇ. ಹೊರಗಿನಿಂದ ನೋಡೋರಿಗೆ ಒಬ್ಬರಿಗೊಂದು ನ್ಯಾಯ ಮಾಡಿದ ಹಾಗೆ ಕಾಣತ್ತೆ. ನಾನು ಮಾಡಿದ್ದು ಎರಡೂ ಸಲ ಒಂದೇ, ಕೇಳಿದ್ದು.

ನಿಮ್ಮ ಮೊದಲ ಪ್ರಶ್ನೆಗೆ, ಒಪ್ಪದವನಿಗೆ ಏನು ಹೇಳ್ತೀರಿ ಅಂದ್ರಲ್ಲ: ಅವನನ್ನ ಒಪ್ಪಿಸೋಕೆ ಆಗದೇ ಇರಬಹುದು. ಭೂಮಿ ಚಪ್ಪಟೆ ಅನ್ನೋನನ್ನೂ ಒಪ್ಪಿಸೋಕೆ ಆಗಲ್ಲ, ಅದರಿಂದ ಭೂಮಿಗೆ ಏನೂ ಆಗಿಲ್ಲ. ಆದರೆ ಒಂದು ಗಮನಿಸಿದ್ದೀನಿ. ಆ ನಿಯಮ ಒಪ್ಪದವನನ್ನ ಯಾರಾದರೂ ಕೇಳದೇ ಏನಾದರೂ ಮಾಡಿದರೆ ಅವನು “ನನ್ನ ಚೌಕಟ್ಟಿಗೆ ನೋವಾಯ್ತು” ಅನ್ನಲ್ಲ. “ಅನ್ಯಾಯ” ಅಂತಲೇ ಕೂಗ್ತಾನೆ.

ಅಡ್ಡದಾರಿ:

ಕೂಗುತ್ತಾನೆ, ಒಪ್ಪಿದೆ. ಅಪ್ಪನನ್ನು ಕೇಳಿದ್ದಕ್ಕೆ ಮಗ ಏನನ್ನುತ್ತಾನೆ?

ಸೀರಂ:

ಬೈತಾನೆ. ಮೇಲಿನವರಿಗೆ ದೂರು ಕೊಟ್ಟವರೂ ಇದ್ದಾರೆ. ಅವನ ಹೆದರಿಕೆ ಸುಳ್ಳಲ್ಲವಲ್ಲ, ಅದಕ್ಕೇ ನಾನು ತಿರುಗಿ ಬೈಯಲ್ಲ. ಆದರೆ ಮುಂದಿನ ಸಲವೂ ಅಪ್ಪನನ್ನೇ ಕೇಳ್ತೀನಿ.